ಎಂಎ ಇತಿಹಾಸ ಮುಗಿಸಿದ್ದೇನೆ. ಪತ್ರಾಗಾರ (ಆರ್ಕೈವ್ಸ್), ಮ್ಯೂಸಿಯಂ, ಹಳೇ ಪುಸ್ತಕಗಳ ಕೆಲಸಕ್ಕೆ ಸೇರಬೇಕು. ಎಲ್ಲಿಂದ ಶುರು ಮಾಡಲಿ?

ಶಿಂಷಾ ದಂಡೆ | ಭಾನುವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನವಳು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಎಂಎ ಮುಗಿಸಿ ಎರಡು ತಿಂಗಳಾಯಿತು. ಮನೆಯಲ್ಲಿ ಬಿಎಡ್ ಮಾಡು, ಟೀಚರ್ ಆಗು ಅಂತಿದ್ದಾರೆ. ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ. ಅವರಿಗೆ ನನ್ನ ಚಿಂತೆ. ಆದರೆ ನನ್ನ ಮನಸ್ಸು ಬೇರೆ ಕಡೆ ಇದೆ.

ಎರಡನೇ ವರ್ಷದಲ್ಲಿ ನಮ್ಮನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕರೆದುಕೊಂಡು ಹೋಗಿದ್ದರು. ಒಂದು ಓಲೆಗರಿ ಕಟ್ಟನ್ನು ಬಿಚ್ಚಿ ತೋರಿಸಿದರು. ಇರುವೆ ಸಾಲಿನ ಹಾಗೆ ಅಕ್ಷರ. ಐದು ವರ್ಷ ಇತಿಹಾಸ ಓದಿದವಳು ನಾನು, ಅದರಲ್ಲಿ ಒಂದು ಅಕ್ಷರವೂ ಓದಲು ಬರಲಿಲ್ಲ. ಅಲ್ಲಿದ್ದ ಹಿರಿಯರೊಬ್ಬರು ಪೇಪರ್ ಓದುವ ಹಾಗೆ ಸರಾಗವಾಗಿ ಓದಿಬಿಟ್ಟರು. ಆ ದಿನದಿಂದ ನನಗೆ ಅದೇ ಗುಂಗು.

ಯಾವ ಕೋರ್ಸ್ ಮಾಡಬೇಕು? ದೆಹಲಿಗೆ ಹೋಗಲೇಬೇಕಾ? ಮೈಸೂರಿನಲ್ಲೇ ಕೆಲಸ ಸಿಗುತ್ತದಾ? ಇದರಲ್ಲಿ ಜೀವನ ಮಾಡಲು ಆಗುತ್ತದಾ? ಇದೇ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ಲೈಬ್ರರಿ ಅಕ್ಕ | ಭಾನುವಾರ ಮಧ್ಯಾಹ್ನ

ತಂಗಿ, ಮೂರು ಕೆಲಸಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ಹೊರಗಿನಿಂದ ನೋಡಿದರೆ ಮೂರೂ ಹಳೇ ಸಾಮಾನು ಕಾಯುವ ಕೆಲಸ. ಒಳಗೆ ಬಂದರೆ ಮೂರೂ ಬೇರೆ ಬೇರೆ.

ನಾನು ಅಪರೂಪದ ಪುಸ್ತಕಗಳ ವಿಭಾಗದಲ್ಲಿ ಇದ್ದೇನೆ. ನನ್ನ ಹತ್ತಿರ ಬರುವುದು ಅಚ್ಚಾದ ಪುಸ್ತಕ. ಅದರ ಇನ್ನೊಂದು ಪ್ರತಿ ಬೇರೆಲ್ಲೋ ಇರಬಹುದು. ಉದಾಹರಣೆಗೆ ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಯಾರಾದರೂ ಆ ಪ್ರತಿ ತಂದರೆ ಮುಖಪುಟ ಮೂಲದ್ದೇನಾ, ಪುಟಗಳೆಲ್ಲ ಇವೆಯಾ, ರಟ್ಟು ಬದಲಾಯಿಸಿದ್ದಾರಾ, ಯಾರ ಸಹಿ ಇದೆ, ಯಾವ ಮೊಹರು ಇದೆ ಎಂದು ನೋಡುತ್ತೇನೆ. ಒಂದೇ ಪುಸ್ತಕದ ಎರಡು ಪ್ರತಿಗಳಿಗೆ ಎರಡು ಕಥೆ ಇರುತ್ತದೆ.

ಪತ್ರಾಗಾರದ ಕಾಗದಕ್ಕೆ ಇನ್ನೊಂದು ಪ್ರತಿ ಸಾಮಾನ್ಯವಾಗಿ ಇರುವುದೇ ಇಲ್ಲ. ಅಲ್ಲಿ ಆ ಕಾಗದ ಯಾವ ಕಟ್ಟಿನಲ್ಲಿತ್ತು, ಅದರ ಹಿಂದೆ ಏನಿತ್ತು, ಮುಂದೆ ಏನಿತ್ತು ಅನ್ನುವುದು ಬರಹದಷ್ಟೇ ಮುಖ್ಯ. ಮ್ಯೂಸಿಯಂನಲ್ಲಿ ವಸ್ತು ಇರುತ್ತದೆ, ಎದುರಿಗೆ ಜನ ಇರುತ್ತಾರೆ. ನಿಮಗೆ ಯಾವುದರ ಸೆಳೆತ ಜಾಸ್ತಿ ಎಂದು ಮೊದಲು ಕಂಡುಕೊಳ್ಳಿ. ಕೋರ್ಸ್ ಆಮೇಲೆ ಆರಿಸಿ.

ಲೈಬ್ರರಿ ದಾರಿಯಾದರೆ ಬಿಲಿಬ್ ಮತ್ತು ಎಂಲಿಬ್, ಅಂದರೆ ಗ್ರಂಥಾಲಯ ವಿಜ್ಞಾನದ ಪದವಿಗಳು ಬೇಕೇ ಬೇಕು. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎರಡೂ ಇವೆ. ಕೆಲಸ ಮಾಡುತ್ತಲೇ ಮುಗಿಸಬಹುದು. ನಾನು ಹಾಗೇ ಮುಗಿಸಿದ್ದು.

ಹೆಬ್ಬಾಳ್ ರಿಂಗ್ ರೋಡ್ | ಭಾನುವಾರ ಮಧ್ಯಾಹ್ನ

ಬಿಎಡ್ ಮಾಡಿ ಇಟ್ಟುಕೊಳ್ಳಿ ಮೇಡಂ. ನನ್ನ ತಮ್ಮ ಇದೇ ಆಸೆ ಇಟ್ಟುಕೊಂಡು ಮೂರು ವರ್ಷ ನೇಮಕಾತಿ ಕರೆಯುತ್ತಾರೆ ಎಂದು ಕಾದ. ಕರೆಯಲಿಲ್ಲ. ಮನೆಯವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ.

ಸ್ಕ್ಯಾನಿಂಗ್ ರೂಮು | ಭಾನುವಾರ ರಾತ್ರಿ

ಮೇಲಿನವರು ಹೇಳಿದ್ದು ನಿಜ. ನಾನು ಇದರ ಎರಡೂ ಮುಖ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಸರ್ಕಾರಿ ಹುದ್ದೆಗಳು ಇವೆ. ರಾಜ್ಯ ಪತ್ರಾಗಾರ ಇಲಾಖೆ ಬೆಂಗಳೂರಿನ ವಿಧಾನಸೌಧದಲ್ಲಿದೆ. ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಯ ಮುಖ್ಯ ಕಚೇರಿ ನಮ್ಮ ಮೈಸೂರಿನಲ್ಲೇ ಇದೆ. 1885ರಲ್ಲಿ ಶುರುವಾದ ಇಲಾಖೆ ಅದು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿಯೂ ಇಲ್ಲೇ ಇದೆ. 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಹಾಗಾಗಿ ಈ ಕೆಲಸಕ್ಕೆ ಮೈಸೂರು ಹೊರಗಿನ ಊರಲ್ಲ, ಮಧ್ಯದ ಊರು. ಆದರೆ ಹುದ್ದೆಗಳು ವರ್ಷಾ ವರ್ಷಾ ಬರುವುದಿಲ್ಲ. ಬಂದಾಗ ಎರಡೋ ಮೂರೋ ಇರುತ್ತವೆ. ಅದೊಂದನ್ನೇ ನಂಬಿ ಮನೆಯಲ್ಲಿ ಕೂರಬೇಡಿ.

ಉಳಿದದ್ದೆಲ್ಲ ಯೋಜನೆಗಳ ಕೆಲಸ, ಅಂದರೆ ಗುತ್ತಿಗೆ. ನಾನು ಹಾಗೇ ಒಳಗೆ ಬಂದೆ. ಒಂದು ಸಂಸ್ಥೆಯಲ್ಲಿ ಹಸ್ತಪ್ರತಿಗಳ ಡಿಜಿಟಲೀಕರಣಕ್ಕೆ ಹನ್ನೊಂದು ತಿಂಗಳ ಒಪ್ಪಂದ. ರೂಮಿನ ಬಾಡಿಗೆ, ಬಸ್ ಪಾಸ್, ಊಟ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯುತ್ತಿರಲಿಲ್ಲ. ಒಮ್ಮೆ ಮೂರು ತಿಂಗಳ ಸಂಬಳ ಒಟ್ಟಿಗೆ ಬಂತು, ಅದೂ ಹಬ್ಬ ಮುಗಿದ ಮೇಲೆ. ಅದು ಈಗಲೂ ನೋವಿನ ವಿಷಯ ನನಗೆ.

ಅದಕ್ಕಿಂತ ಜಾಸ್ತಿ ನೋವಾದದ್ದು ಇನ್ನೊಂದು. ದಿನಕ್ಕೆ ಇಷ್ಟು ಪುಟ ಎಂದು ಲೆಕ್ಕ ಕೊಡಬೇಕಿತ್ತು. ಆ ಅವಸರದಲ್ಲಿ ಒಂದು ಕಟ್ಟಿನ ದಾರ ಬಿಚ್ಚಿ ಗರಿಗಳನ್ನು ಮೇಜಿನ ಮೇಲೆ ಹರಡಿದರು. ಸಂಜೆ ಕಟ್ಟುವಾಗ ಗರಿಗಳ ಕ್ರಮ ತಪ್ಪಿತು. ಎಡ ಅಂಚಿನಲ್ಲಿ ಸಂಖ್ಯೆ ಇತ್ತು, ಆದರೆ ಅಲ್ಲಿದ್ದ ಯಾರಿಗೂ ಹಳೇ ಅಂಕಿ ಓದಲು ಬರುತ್ತಿರಲಿಲ್ಲ. ಮುನ್ನೂರು ವರ್ಷ ಯಾರೋ ಜೋಪಾನ ಮಾಡಿದ ಕ್ರಮ ಒಂದು ಮಧ್ಯಾಹ್ನದಲ್ಲಿ ಹೋಯಿತು. ಅವತ್ತು ರಾತ್ರಿಯೇ ಹಳೇ ಕನ್ನಡ ಅಂಕಿಗಳನ್ನು ಬರೆದುಕೊಂಡು ಕಲಿತೆ.

ಸ್ಕ್ಯಾನ್ ಮಾಡುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ಫೈಲಿಗೆ ಸರಿಯಾದ ಹೆಸರು ಕೊಡುವುದು, ಕಾಯ್ದಿಡುವ ದೊಡ್ಡ ಟಿಫ್ ಪ್ರತಿ ಬೇರೆ, ಓದುಗರಿಗೆ ಕೊಡುವ ಪಿಡಿಎಫ್ ಬೇರೆ ಇಡುವುದು, ಮೂರು ಕಡೆ ಬ್ಯಾಕಪ್ ಮಾಡಿ ಒಂದನ್ನು ಬೇರೆ ಕಟ್ಟಡದಲ್ಲಿ ಇಡುವುದು, ಆ ಹಸ್ತಪ್ರತಿಯಲ್ಲಿ ಏನಿದೆ ಎಂದು ನಾಲ್ಕು ಸಾಲು ಸರಿಯಾಗಿ ಬರೆಯುವುದು, ಇದು ಕಷ್ಟ. ಇದನ್ನು ಮಾಡಬಲ್ಲವರನ್ನು ಯಾರೂ ಬಿಡುವುದಿಲ್ಲ. ನಾನು ಈಗ ಬೆಂಗಳೂರಿನ ಒಂದು ಖಾಸಗಿ ಪತ್ರಾಗಾರದಲ್ಲಿದ್ದೇನೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ವಿಜ್ಞಾನ ಸಂಸ್ಥೆಗಳು, ಕಂಪನಿಗಳು, ಆರ್ಟ್ ಮ್ಯೂಸಿಯಂಗಳು ಈಗ ಸ್ವಂತ ಪತ್ರಾಗಾರ ಮಾಡಿಕೊಳ್ಳುತ್ತಿವೆ. ಪುಣೆಯಲ್ಲಿ ಟಾಟಾದವರದ್ದು ಇದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2019ರಿಂದ ಇದೆ. ಆ ಕಡೆಯೂ ಕಣ್ಣಿಡಿ.

ಶಿಂಷಾ ದಂಡೆ | ಭಾನುವಾರ ರಾತ್ರಿ

ಅಣ್ಣ, ಇಷ್ಟು ಬಿಚ್ಚಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆ ಗರಿಗಳ ಕ್ರಮ ಆಮೇಲೆ ಸರಿಯಾಯಿತಾ?

ಸ್ಕ್ಯಾನಿಂಗ್ ರೂಮು | ಭಾನುವಾರ ರಾತ್ರಿ

ಆಯಿತು. ಹಿರಿಯ ವಿದ್ವಾಂಸರೊಬ್ಬರು ನಾಲ್ಕು ದಿನ ಕೂತು ಒಂದೊಂದೇ ಗರಿ ಓದಿ ಜೋಡಿಸಿದರು. ಅವರು ನಿವೃತ್ತರಾಗಿದ್ದರು. ಕರೆದಾಗ ಸುಮ್ಮನೆ ಬಂದರು. ಒಂದು ರೂಪಾಯಿ ಮುಟ್ಟಲಿಲ್ಲ.

ಹಳೇ ಕಟ್ಟು | ಸೋಮವಾರ ಬೆಳಗ್ಗೆ

ಮಗಳೇ, ನಾನು ಈ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕಳೆದವನು. ಈಗ ಒಂಟಿಕೊಪ್ಪಲಿನ ಮನೆಯಲ್ಲಿ ಇದ್ದೇನೆ. ನಿನ್ನ ಪ್ರಶ್ನೆಯಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಒಂದು ಅಕ್ಷರವೂ ಓದಲು ಬರಲಿಲ್ಲ ಎಂದೆಯಲ್ಲ, ನಿನ್ನ ದಾರಿ ಅಲ್ಲಿಂದಲೇ ಶುರು.

ಲಿಪಿ ಕಲಿ. ಕೋರ್ಸ್ ಯಾವುದೇ ಆಗಲಿ, ಊರು ಯಾವುದೇ ಆಗಲಿ, ಮೊದಲು ಲಿಪಿ.

ಯಾಕೆ ಅಂತ ಹೇಳುತ್ತೇನೆ. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಓಲೆಗರಿ ಕಟ್ಟೊಂದನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟರು. ಅದು ಗ್ರಂಥ ಲಿಪಿಯಲ್ಲಿತ್ತು, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯುತ್ತಿದ್ದ ಲಿಪಿ ಅದು. ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಎಲ್ಲರಿಗೂ ಗೊತ್ತಿತ್ತು, ಪುಸ್ತಕ ಕಳೆದುಹೋಗಿದೆ ಎಂದು ತಿಳಿದಿದ್ದರು. 1909ರಲ್ಲಿ ಅವರು ಮೂಲವನ್ನು ಅಚ್ಚು ಮಾಡಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಈಗ ಆ ಜಾಗದಲ್ಲಿ ಗ್ರಂಥ ಲಿಪಿ ಬಾರದ ಒಬ್ಬರು ಕೂತಿದ್ದರು ಅಂದುಕೋ. ರಿಜಿಸ್ಟರಿನಲ್ಲಿ 'ಓಲೆಗರಿ ಕಟ್ಟು, ಒಂದು' ಎಂದು ಬರೆದು ಬೀರುವಿನಲ್ಲಿ ಇಟ್ಟಿರುತ್ತಿದ್ದರು. ಎಷ್ಟು ವರ್ಷ ಅಲ್ಲೇ ಇರುತ್ತಿತ್ತೋ.

ಆ ಲೈಬ್ರರಿ 1891ರಲ್ಲಿ ಶುರುವಾದದ್ದು. ನೀನು ನೋಡಿದ ಸಂಶೋಧನಾಲಯ ಅದೇ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ಕೂಡ ಅದೇ ವರ್ಷ ಕಲ್ಕತ್ತದಲ್ಲಿ ಹುಟ್ಟಿತು. ಎರಡೂ ಒಂದೇ ವಯಸ್ಸಿನವು. ಇದನ್ನು ನೆನೆದಾಗ ನನಗೆ ಯಾವಾಗಲೂ ಸಂತೋಷವಾಗುತ್ತದೆ.

ಮೊದಲು ಹಳಗನ್ನಡ ಲಿಪಿ ಹಿಡಿ. ಓಲೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ದೀರ್ಘ, ಹ್ರಸ್ವ ಎಷ್ಟೋ ಸಲ ಒಂದೇ ತರ ಇರುತ್ತವೆ. ಒತ್ತಕ್ಷರ ಬದಲು ಸೊನ್ನೆ ಇಡುತ್ತಾರೆ. ಕಣ್ಣು ಪಳಗಲು ಆರು ತಿಂಗಳು ಬೇಕು. ಆಮೇಲೆ ನಿನ್ನ ಒಲವು ನೋಡಿಕೊಂಡು ಎರಡನೆಯದು ಆರಿಸು. ಮಾಧ್ವ ಮಠಗಳ ಕಟ್ಟುಗಳು ಬೇಕಾದರೆ ನಂದಿನಾಗರಿ. ಮಲೆನಾಡು, ತುಳುನಾಡಿನ ಸಂಸ್ಕೃತ ಕಟ್ಟುಗಳಿಗೆ ತಿಗಳಾರಿ. ಹಳೇ ಆಡಳಿತದ ಕಾಗದಗಳಿಗೆ ಮೋಡಿ ಎಂಬ ಕೂಡುಬರಹದ ಲಿಪಿ. ಮೋಡಿ ಓದುವವರು ಬೆರಳೆಣಿಕೆಯಷ್ಟು ಇದ್ದಾರೆ. ಇತಿಹಾಸ ಓದಿದವಳು ನೀನು, ಮೋಡಿ ಕಲಿತರೆ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ.

ಎಲ್ಲಿ ಕಲಿಯುವುದು ಎಂದು ಕೇಳುತ್ತೀಯ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆ ಒಂದು ವಿಭಾಗವೇ ಇದೆ. ಅವರು ನಡೆಸುವ ಹಸ್ತಪ್ರತಿ ಸಮ್ಮೇಳನಕ್ಕೆ ಹೋಗು, ನಾಡಿನಲ್ಲಿ ಈ ಕೆಲಸ ಮಾಡುವವರ ಮುಖ ಪರಿಚಯ ಆಗುತ್ತದೆ. ಕನ್ನಡ ಹಸ್ತಪ್ರತಿಗಳು ಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿವೆ, ನೀನು ಓದಿದ ಕ್ಯಾಂಪಸ್ಸಿನಲ್ಲೇ. ನಿಮ್ಮ ಜಿಲ್ಲೆಯ ಮೇಲುಕೋಟೆಯಲ್ಲಿ ಸಂಸ್ಕೃತ ಸಂಶೋಧನಾ ಸಂಸತ್ತು ಇದೆ, ಅಲ್ಲೂ ಓಲೆಗರಿಗಳಿವೆ.

ಒಂದು ಕೆಲಸ ನಾಳೆಯೇ ಮಾಡಬಹುದು. ನಾಡಿನ ಶಾಸನಗಳನ್ನು ಅಚ್ಚು ಮಾಡಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಸಂಪುಟಗಳಲ್ಲಿ 6 ಮತ್ತು 7 ಮಂಡ್ಯ ಜಿಲ್ಲೆಯವು. ಮದ್ದೂರು 7ರಲ್ಲಿದೆ. ಲೈಬ್ರರಿಯಲ್ಲಿ ಕೂತು ನಿಮ್ಮ ಸುತ್ತಮುತ್ತಲ ಊರಿನ ಶಾಸನಗಳ ಪಟ್ಟಿ ಮಾಡಿಕೋ. ಆಮೇಲೆ ಆ ಊರುಗಳಿಗೆ ಹೋಗಿ ಕಲ್ಲಿನ ಮುಂದೆ ನಿಂತು ಓದು. ಕಲ್ಲಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಅದು ಎಷ್ಟು ಸಲ ಕೇಳಿದರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಾರಂಜಿ ಕೆರೆ | ಸೋಮವಾರ ಸಂಜೆ

ಹಳೇ ಕಟ್ಟು ಸರ್ ಹೇಳಿದ ಮೇಲೆ ನಾನು ಹೇಳುವುದು ಕಡಿಮೆ. ಮ್ಯೂಸಿಯಂ ಕಡೆಯದು ಮಾತ್ರ ಹೇಳುತ್ತೇನೆ.

ಮದ್ದೂರು ತಾಲ್ಲೂಕು ಅಂದಿರಿ. ನಿಮ್ಮ ತಾಲ್ಲೂಕಿನ ಆತಕೂರಿನ ವೀರಗಲ್ಲು ಗೊತ್ತಲ್ವಾ? ಹತ್ತನೇ ಶತಮಾನದ್ದು. ಕಾಳಿ ಎಂಬ ಬೇಟೆನಾಯಿ ಹಂದಿಯ ಜೊತೆ ಕಾದಾಡಿ ಸತ್ತದ್ದಕ್ಕೆ ನೆಟ್ಟ ಕಲ್ಲು. ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಅದರ ಮುಂದೆ ಒಂದು ಗಂಟೆ ನಿಂತುಕೊಳ್ಳಿ. ಕಲ್ಲನ್ನು ನೋಡಬೇಡಿ, ಬರುವ ಜನರನ್ನು ನೋಡಿ. ಎಷ್ಟು ಜನ ನಿಲ್ಲುತ್ತಾರೆ, ಮಕ್ಕಳು ಏನು ಕೇಳುತ್ತಾರೆ, ಜೊತೆಗೆ ಬಂದ ಅಮ್ಮ ಏನು ಉತ್ತರ ಕೊಡುತ್ತಾರೆ. ಆಮೇಲೆ ಹತ್ತನೇ ಕ್ಲಾಸಿನ ಹುಡುಗನಿಗೆ ಅರ್ಥವಾಗುವ ಹಾಗೆ ಆ ಕಲ್ಲಿನ ಬಗ್ಗೆ ಅರವತ್ತು ಪದದಲ್ಲಿ ಒಂದು ಫಲಕ ಬರೆಯಿರಿ. ಅದನ್ನು ಬರೆಯುವಾಗ ಖುಷಿಯಾದರೆ ಮ್ಯೂಸಿಯಂ ನಿಮ್ಮ ಜಾಗ.

ಓದಬೇಕು ಅಂದರೆ ಬರೋಡಾದಲ್ಲಿ 1952ರಿಂದ ಮ್ಯೂಸಿಯಾಲಜಿ ವಿಭಾಗ ಇದೆ. ನೊಯ್ಡಾದಲ್ಲಿ, ಮೊದಲು ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಎಂದಿದ್ದ ಸಂಸ್ಥೆಯಲ್ಲಿ ಮ್ಯೂಸಿಯಾಲಜಿ, ಸಂರಕ್ಷಣೆ ಎರಡೂ ಇವೆ. ಸಂರಕ್ಷಣೆಗೆ ಕೆಮಿಸ್ಟ್ರಿ ಗೊತ್ತಿದ್ದವರಿಗೆ ಅನುಕೂಲ ಜಾಸ್ತಿ. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಲ್ಯಾಬ್ ಮೈಸೂರಿನಲ್ಲಿದೆ ಎಂದು ಇಲ್ಲಿನ ಎಷ್ಟೋ ಜನಕ್ಕೇ ಗೊತ್ತಿಲ್ಲ. ಅವರು ತರಬೇತಿ ಕರೆದಾಗ ಅರ್ಜಿ ಹಾಕಿ.

ಊರಿನಲ್ಲೇ ನೋಡಿ ಕಲಿಯಲು ಏನು ಕಡಿಮೆ ಇದೆ? ರೈಲು ಮ್ಯೂಸಿಯಂ 1979ರದ್ದು. ಜಗನ್ಮೋಹನ ಅರಮನೆ ಚಿತ್ರಶಾಲೆ 1915ರದ್ದು. ಕಾರಂಜಿ ಕೆರೆ ಪಕ್ಕ ಪ್ರಾಕೃತಿಕ ಇತಿಹಾಸದ್ದು. ವೆಲ್ಲಿಂಗ್ಟನ್ ಹೌಸಿನಲ್ಲಿ ಮಾನವ ಸಂಗ್ರಹಾಲಯದ ಕೇಂದ್ರ. ಬೇಸಿಗೆಯಲ್ಲಿ ಮಕ್ಕಳ ಶಿಬಿರಗಳಿಗೆ ಸ್ವಯಂಸೇವಕರು ಬೇಕಾಗುತ್ತಾರೆ. ನಾನು ಹಾಗೆ ಹೋದವಳು, ಆಮೇಲೆ ಅಲ್ಲೇ ಬೇರೂರಿದೆ.

ಸ್ಕ್ಯಾನಿಂಗ್ ರೂಮು | ಸೋಮವಾರ ರಾತ್ರಿ

ದೆಹಲಿ ಬಗ್ಗೆ ಕೇಳಿದ್ದಿರಿ, ಮರೆತೆ. ರಾಷ್ಟ್ರೀಯ ಪತ್ರಾಗಾರದ ತರಬೇತಿ ಶಾಲೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಇತಿಹಾಸದ ಎಂಎ ಇದ್ದವರು ಅರ್ಜಿ ಹಾಕಬಹುದು. ಪತ್ರಾಗಾರದ ಹುದ್ದೆಗಳಿಗೆ ಅದಕ್ಕೆ ತುಂಬಾ ಬೆಲೆ. ಒಂದು ವರ್ಷ ಆಗುವುದಿಲ್ಲ ಅಂದರೆ ಕೆಲವೇ ವಾರಗಳ ಸಣ್ಣ ಕೋರ್ಸುಗಳೂ ಇವೆ. ನಾನು ಕಾಗದ, ಪುಸ್ತಕ ಸಂರಕ್ಷಣೆಯದನ್ನು ಮಾಡಿದೆ. ಕೈಯಾರೆ ಮಾಡಿಸುತ್ತಾರೆ.

ಪಾಂಡವಪುರ ಸ್ಟೇಷನ್ | ಮಂಗಳವಾರ ಬೆಳಗ್ಗೆ

ನಾನು ಈ ಕೆಲಸದವನಲ್ಲ, ಬರೀ ಓದುಗ. ನಮ್ಮ ಹರಳಹಳ್ಳಿಯ ಪುಸ್ತಕ ಮನೆಗೆ ಒಮ್ಮೆ ಬನ್ನಿ. ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ದುಡಿದದ್ದನ್ನೆಲ್ಲ ಪುಸ್ತಕಕ್ಕೆ ಹಾಕಿ ಲಕ್ಷಗಟ್ಟಲೆ ಕೂಡಿಸಿದ್ದಾರೆ. ಯಾರು ಬೇಕಾದರೂ ಹೋಗಿ ಓದಬಹುದು. ಅಷ್ಟು ಪುಸ್ತಕದ ನಡುವೆ ನಿಂತಾಗ ನನಗೆ ಅನಿಸಿದ್ದು ಒಂದೇ. ಕೂಡಿಸುವುದು ಒಬ್ಬರ ಜೀವಮಾನದ ಕೆಲಸ, ಪಟ್ಟಿ ಮಾಡುವುದು ಹತ್ತು ಜನರ ಕೆಲಸ. ನಿಮ್ಮಂತಹ ಹುಡುಗಿಯರು ಇಂತಹ ಕಡೆ ಬೇಕು.

ಶಿಂಷಾ ದಂಡೆ | ಶುಕ್ರವಾರ ರಾತ್ರಿ

ಎಲ್ಲರ ಮಾತನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಈಗ ಒಂದು ಅರ್ಜೆಂಟ್ ವಿಷಯ.

ನಮ್ಮೂರಿನಲ್ಲಿ ಹಳೇ ಶಾನುಭೋಗರ ಮನೆ ಕೆಡವುತ್ತಿದ್ದಾರೆ. ಮನೆಯವರು ಬೆಂಗಳೂರಿನಲ್ಲಿ ಇದ್ದಾರೆ. ಅಟ್ಟದಲ್ಲಿ ಒಂದು ಕಬ್ಬಿಣದ ಟ್ರಂಕು ಸಿಕ್ಕಿತು. ಗುಜರಿಯವನು ತೂಕಕ್ಕೆ ಕೇಳುತ್ತಿದ್ದ. ನಾನು ಫೋನಿನಲ್ಲಿ ಮನೆಯವರನ್ನು ಕೇಳಿ ನಮ್ಮ ಮನೆಗೆ ತಂದೆ. ಒಳಗೆ ಕಾಗದದ ಕಟ್ಟುಗಳಿವೆ, ಕೆಲವಕ್ಕೆ ಗೆದ್ದಲು ಹಿಡಿದಿದೆ. ಎರಡು ಸಣ್ಣ ಓಲೆಗರಿ ಕಟ್ಟು ಇವೆ. ಜೊತೆಗೆ ಕಪ್ಪಗೆ, ದಪ್ಪಗೆ, ಬಟ್ಟೆಯ ಹಾಗೆ ಮಡಚಿದ್ದು ಮೂರು. ಅವುಗಳ ಮೇಲೆ ಬೂಷ್ಟು, ಧೂಳು. ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿಕೊಡಲಾ ಅಂತ ಕೇಳುತ್ತಿದ್ದಾರೆ.

ಹಳೇ ಕಟ್ಟು | ಶುಕ್ರವಾರ ರಾತ್ರಿ

ಬೇಡ ತಾಯಿ, ಬೇಡ! ನೀರು ಸೋಕಿಸಬೇಡಿ. ಅಮ್ಮನಿಗೆ ಈಗಲೇ ಹೇಳು.

ಆ ಕಪ್ಪನೆಯದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಸಿ ಮಾಡುತ್ತಿದ್ದರು. ಬಳಪದಲ್ಲಿ ಬರೆಯುತ್ತಿದ್ದರು. ಬೇಕಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಒದ್ದೆ ಬಟ್ಟೆ ತಾಗಿದರೆ ಸ್ಲೇಟು ಒರೆಸಿದ ಹಾಗೆ ಬರಹವೆಲ್ಲ ಹೋಗಿಬಿಡುತ್ತದೆ. ಈಗ ಕಚೇರಿಯಲ್ಲಿ ಫೈಲಿಗೆ ಕಡತ ಅನ್ನುತ್ತಾರಲ್ಲ, ಆ ಮಾತು ಬಂದದ್ದು ಇದರಿಂದ. ನಿನ್ನ ಕೈಯಲ್ಲಿ ಇರುವುದು ಅಸಲಿ ಕಡತ.

ಈಗ ಸಮಾಧಾನವಾಗಿ ಕೇಳು. ಗೆದ್ದಲು ಹಿಡಿದ ಕಟ್ಟುಗಳನ್ನು ಬೇರೆ ರೂಮಿನಲ್ಲಿ ಇಡು. ಬಿಸಿಲಿಗೆ ಹಾಕಬೇಡ. ಗಾಳಿಯಾಡುವ ನೆರಳಲ್ಲಿ, ಗೋಡೆಗೆ ತಾಗದ ಹಾಗೆ, ಮೇಜಿನ ಮೇಲೆ ಹತ್ತಿ ಬಟ್ಟೆ ಹಾಸಿ ಇಡು. ಧೂಳನ್ನು ಮೆತ್ತನೆಯ ಒಣ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಸರಿಸು. ಮೂಗಿಗೆ ಮಾಸ್ಕ್ ಹಾಕಿಕೋ, ಬೂಷ್ಟು ಎದೆಗೆ ಒಳ್ಳೆಯದಲ್ಲ. ಕಡತದ ಮೇಲೆ ಕುಂಚವನ್ನೂ ಆಡಿಸಬೇಡ, ಬಳಪ ಉದುರುತ್ತದೆ. ಅದನ್ನು ಬಿಚ್ಚಿ ಫೋಟೋ ಮಾತ್ರ ತೆಗೆ. ಹರಿದ ಕಾಗದಕ್ಕೆ ಸೆಲ್ಲೋಟೇಪ್ ಹಚ್ಚಬೇಡ. ಅದರ ಅಂಟು ಕೆಲವೇ ವರ್ಷಕ್ಕೆ ಹಳದಿಯಾಗಿ ಕಾಗದವನ್ನು ತಿನ್ನುತ್ತದೆ. ನಾನು ಗೆದ್ದಲಿಗಿಂತ ಜಾಸ್ತಿ ಟೇಪಿನ ಹಾವಳಿ ನೋಡಿದ್ದೇನೆ.

ಓಲೆಗರಿಗೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚಬೇಕು ಎಂದು ಯಾರಾದರೂ ಹೇಳುತ್ತಾರೆ. ಅದು ಸರಿಯೇ, ಗರಿ ಮೆತ್ತಗಾಗುತ್ತದೆ, ಹುಳು ದೂರ ಇರುತ್ತದೆ. ಆದರೆ ಕಂಠದಲ್ಲಿ, ಅಂದರೆ ಚೂಪು ಮೊನೆಯ ಕಬ್ಬಿಣದ ಲೇಖನಿಯಲ್ಲಿ ಕೊರೆದ ಗರಿಗೆ ಮಾತ್ರ. ಮಸಿಯಲ್ಲಿ ಬರೆದದ್ದಾದರೆ ಎಣ್ಣೆಯಲ್ಲಿ ಮಸಿ ಹರಡುತ್ತದೆ. ಅದನ್ನು ನೋಡಿ ಹೇಳಲು ಬಲ್ಲವರು ಬೇಕು. ಈಗ ನೀನು ಹಚ್ಚಬೇಡ. ಕಟ್ಟಿನ ಮೇಲೆ ಕೆಳಗೆ ಹಲಗೆ ಇದ್ದರೆ ಹಾಗೇ ಇಟ್ಟು ದಾರವನ್ನು ಸಡಿಲವಾಗದಂತೆ ಸುತ್ತು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು ಎಂದು ಪುಸ್ತಕವೇ ಬೇಡಿಕೊಳ್ಳುವ ಹಳೇ ಶ್ಲೋಕ ಇದೆ. ಪ್ರತಿ ಮಾಡುವವರು ಕೊನೆಯ ಗರಿಯಲ್ಲಿ ಅದನ್ನು ಬರೆಯುತ್ತಿದ್ದರು. ಪಕ್ಕದಲ್ಲಿ ಬಜೆ ಬೇರು ಬಟ್ಟೆಯಲ್ಲಿ ಕಟ್ಟಿ ಇಡು. ನಮ್ಮ ಹಿರಿಯರು ಅದನ್ನೇ ಇಡುತ್ತಿದ್ದರು.

ಸ್ಕ್ಯಾನಿಂಗ್ ರೂಮು | ಶುಕ್ರವಾರ ರಾತ್ರಿ

ಏನನ್ನೂ ಸರಿಪಡಿಸಿ ಜೋಡಿಸಬೇಡಿ! ಟ್ರಂಕಿನಲ್ಲಿ ಮೇಲಿಂದ ಕೆಳಗೆ ಹೇಗಿತ್ತೋ ಅದೇ ಕ್ರಮದಲ್ಲಿ ಫೋಟೋ ತೆಗೆಯಿರಿ. ಪ್ರತಿ ಕಟ್ಟಿಗೂ ಒಂದು ಚೀಟಿ. ಚೀಟಿಯಲ್ಲಿ ಪೆನ್ಸಿಲ್ ನಂಬರ್. ಪೆನ್ನು ಬೇಡ. ಶಾನುಭೋಗರು ಯಾವುದನ್ನು ಯಾವುದರ ಜೊತೆ ಕಟ್ಟಿಟ್ಟಿದ್ದರು ಅನ್ನುವುದೂ ದಾಖಲೆಯೇ.

ಲೈಬ್ರರಿ ಅಕ್ಕ | ಶನಿವಾರ ಬೆಳಗ್ಗೆ

ಆ ಮನೆಯವರಿಂದ ಬರಹದಲ್ಲಿ ಒಂದು ಪತ್ರ ತೆಗೆದುಕೊಳ್ಳಿ ತಂಗಿ. ಫೋನಿನ ಮಾತು ಸಾಲದು. ಏನು ಕೊಟ್ಟರು, ಯಾರು ಕೊಟ್ಟರು, ಯಾವ ತಾರೀಖು, ಯಾರು ಬೇಕಾದರೂ ಓದಬಹುದಾ, ಫೋಟೋ ಹೊರಗೆ ಹಾಕಬಹುದಾ, ಎಲ್ಲ ಬರೆಸಿ. ನಾಳೆ ಇದನ್ನು ಯಾವುದಾದರೂ ಸಂಸ್ಥೆಗೆ ಕೊಡುವಾಗ ಮೊದಲು ಕೇಳುವುದು ಅದನ್ನೇ. 75 ವರ್ಷ ದಾಟಿದ ಹಸ್ತಪ್ರತಿಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ಒಳಗೆ ಬರುತ್ತವೆ ಎಂದೂ ನೆನಪಿರಲಿ. ಯಾರಾದರೂ ದಲ್ಲಾಳಿ ಬಂದು ಒಳ್ಳೆಯ ರೇಟು ಹೇಳಿದರೆ ಬಾಗಿಲಲ್ಲೇ ಕಳಿಸಿಬಿಡಿ.

ಕಾರಂಜಿ ಕೆರೆ | ಶನಿವಾರ ಬೆಳಗ್ಗೆ

ಒಂದು ಸುಳಿವು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೆ ಮೊದಲು ನಿಮ್ಮೂರು ಮೈಸೂರು ಜಿಲ್ಲೆಯಲ್ಲಿತ್ತು. ಕಾಗದಗಳ ಮೇಲೆ ಮೈಸೂರು ಎಂದಿದ್ದರೆ ಬೇರೆ ಊರಿನದು ಎಂದು ಪಕ್ಕಕ್ಕೆ ಇಡಬೇಡಿ. ಮುಂದೆ ಇದಕ್ಕೆ ಹೊಂದುವ ಸರ್ಕಾರಿ ದಾಖಲೆ ಹುಡುಕುವಾಗಲೂ ಮೈಸೂರಿನ ಕಡತಗಳನ್ನೇ ನೋಡಬೇಕು.

ಹೆಬ್ಬಾಳ್ ರಿಂಗ್ ರೋಡ್ | ಶನಿವಾರ ಮಧ್ಯಾಹ್ನ

ಮೇಡಂ, ಮೊದಲು ಬಿಎಡ್ ಮಾಡಿ ಅಂದವನು ನಾನೇ. ಅದನ್ನು ಈಗಲೂ ಹೇಳುತ್ತೇನೆ, ಮನೆ ನಡೆಯಬೇಕಲ್ವಾ. ಆದರೆ ಈ ಟ್ರಂಕಿನ ಪಟ್ಟಿ ಪೂರ್ತಿ ಮಾಡಿ. ನನ್ನ ತಮ್ಮ ಮೂರು ವರ್ಷ ಕಾದ, ಆದರೆ ಆ ಮೂರು ವರ್ಷದಲ್ಲಿ ಇಂತಹ ಒಂದು ಕೆಲಸವನ್ನೂ ಕೈಗೆ ತೆಗೆದುಕೊಳ್ಳಲಿಲ್ಲ. ಯಾರೂ ಅವನಿಗೆ ಹೀಗೆ ಹೇಳಿಕೊಡಲಿಲ್ಲ. ಈ ಚರ್ಚೆಯ ಲಿಂಕನ್ನು ಅವನಿಗೆ ಕಳಿಸಿದ್ದೇನೆ.

ಶಿಂಷಾ ದಂಡೆ | ಮೂರು ವಾರದ ನಂತರ, ಭಾನುವಾರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಪಟ್ಟಿ ಮುಗಿಯಿತು. ಒಟ್ಟು 43 ನಂಬರ್ ಬಂತು. ಮನೆಯವರು ಪತ್ರ ಬರೆದು ಸಹಿ ಮಾಡಿ ಕಳಿಸಿದ್ದಾರೆ. ಗಂಗೋತ್ರಿಯಲ್ಲಿ ಒಬ್ಬರು ಮೇಷ್ಟ್ರಿಗೆ ಓಲೆಗರಿ ಕಟ್ಟುಗಳನ್ನು ತೋರಿಸಿದೆ. ಎರಡೂ ಕೊರೆದ ಬರಹ. ಅವರೇ ನನ್ನ ಎದುರಿಗೆ ಶುಚಿ ಮಾಡಿ ಎಣ್ಣೆ ಹಚ್ಚುವುದು ತೋರಿಸಿದರು. ಶನಿವಾರ ಶನಿವಾರ ಬಾ, ಲಿಪಿ ಹೇಳಿಕೊಡುತ್ತೇನೆ ಎಂದಿದ್ದಾರೆ. ದೆಹಲಿಯ ಸಣ್ಣ ಕೋರ್ಸಿಗೆ ಅರ್ಜಿ ಹಾಕುತ್ತೇನೆ. ಬಿಎಡ್ ಈ ವರ್ಷ ಬೇಡ ಎಂದು ಅಪ್ಪನೇ ಹೇಳಿದರು.

ಅದು ಹೇಗಾಯಿತು ಎಂದು ಹೇಳಬೇಕು. ಕಾಗದಗಳಲ್ಲಿ ಹೆಚ್ಚಿನವು ಕಂದಾಯದ ಲೆಕ್ಕ. ಹೊಲಗಳ ಹೆಸರು, ರೈತರ ಹೆಸರು, ಖುಷ್ಕಿ (ಮಳೆ ನಂಬಿದ ಹೊಲ), ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ) ಎಂದು ಇದೆ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಹೊಲದ ಹೆಸರು ಅರ್ಧ ಓದುವಷ್ಟರಲ್ಲಿ ಅಪ್ಪ ಉಳಿದ ಅರ್ಧ ಹೇಳಿಬಿಡುತ್ತಿದ್ದರು. ನಾವು ಈಗ ಭತ್ತ ಬೆಳೆಯುವ ಗದ್ದೆ ಅದರಲ್ಲಿ ಖುಷ್ಕಿ ಎಂದು ಇದೆ. ಆಗ ನಾಲೆ ಬಂದಿರಲಿಲ್ಲ, ಇಲ್ಲೆಲ್ಲ ರಾಗಿ, ಹುರುಳಿ ಎಂದು ಅಪ್ಪ ಹೇಳಿದರು. ಅವರ ತಾತನ ಹೆಸರೂ ಅಲ್ಲೇ ಇತ್ತು. ಅದನ್ನು ಮೂರು ಸಲ ಓದಿಸಿಕೊಂಡರು. ಈಗ ಸಂಜೆ ಹೊಲದಿಂದ ಬಂದ ತಕ್ಷಣ ಕೈಕಾಲು ತೊಳೆದು, ಕೈ ಚೆನ್ನಾಗಿ ಒಣಗಿಸಿಕೊಂಡು ಮೇಜಿನ ಹತ್ತಿರ ಕೂರುತ್ತಾರೆ.

ಸರ್, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ. ಮೊದಲನೇ ಕಡತದಲ್ಲಿ ಕೆಲವು ಅಂಕಿಗಳ ಮುಂದೆ ನೆಟ್ಟಗೆ ಗೆರೆಗಳಿವೆ. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು. ನಾನು ಅವನ್ನು ಅಂಕಿ 1 ಮತ್ತು 11 ಎಂದು ಬರೆದುಕೊಂಡೆ. ಆದರೆ ಕೂಡಿಸಿದರೆ ಕೆಳಗಿನ ಮೊತ್ತ ಬರುವುದೇ ಇಲ್ಲ. ಅಪ್ಪನೂ ಎರಡು ಸಲ ಕೂಡಿಸಿ ನೋಡಿದರು.

ಹಳೇ ಕಟ್ಟು | ಭಾನುವಾರ ರಾತ್ರಿ

ಅವು ಒಂದು, ಹನ್ನೊಂದು ಅಲ್ಲ ಮಗಳೇ. ಹಳೇ ಲೆಕ್ಕದ ಗೆರೆಗಳು. ಒಂದು ಗೆರೆ ಇದ್ದರೆ ಕಾಲು. ಎರಡು ಇದ್ದರೆ ಅರೆ. ಮೂರು ಇದ್ದರೆ ಮುಕ್ಕಾಲು. ಅದಕ್ಕಿಂತ ಸಣ್ಣ ಭಾಗಗಳಿಗೆ ಬೇರೆ ಗುರುತು ಇರುತ್ತದೆ. ಹಾಗ ಎಂದು ಬರೆದಿದ್ದರೆ ಕಾಲು ಹಣ, ವೀಸ ಎಂದಿದ್ದರೆ ಹದಿನಾರರಲ್ಲಿ ಒಂದು ಭಾಗ.

ಅಪ್ಪನಿಗೆ ಹೇಳಿ ಇನ್ನೊಂದು ಸಲ ಕೂಡಿಸಿ. ಎಷ್ಟು ಬಂತು ಎಂದು ಬರೆ. ನಾನು ಎಚ್ಚರವಾಗಿಯೇ ಇರುತ್ತೇನೆ.

ಶಿಂಷಾ ದಂಡೆ | ಭಾನುವಾರ ರಾತ್ರಿ

ಬಂತು ಸರ್. ಸರಿಯಾಗಿ ಬಂತು. ಅಪ್ಪ ಎರಡನೇ ಕಡತ ಬಿಚ್ಚು ಅಂತಿದ್ದಾರೆ.